ಗಂಟಲು ಕ್ಯಾನ್ಸರ್: ‘ಎಷ್ಟು ದಿನ ಬದುಕುತ್ತಾರೆ’ ಎಂದು ಲ್ಯಾಬ್ ರಿಪೋರ್ಟ್ ಹೇಳುತ್ತದಾ?

ಗಂಟಲು ಕ್ಯಾನ್ಸರ್ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ತಿರುಗುತ್ತಿರುತ್ತವೆ. ಒಂದು, “ರೋಗಿ ಎಷ್ಟು ವರ್ಷ ಬದುಕುತ್ತಾನೆ ಎಂದು ಮೊದಲೇ ಹೇಳುವ ಪರೀಕ್ಷೆ ಬಂದಿದೆ, ಎಲ್ಲರಿಗೂ ಕಳಿಸಿ” ಎನ್ನುವಂಥದ್ದು. ಇನ್ನೊಂದು ಮನೆಯವರ ಗ್ರೂಪಿನೊಳಗೇ ಓಡಾಡುವಂಥದ್ದು: ಲ್ಯಾಬ್ ರಿಪೋರ್ಟಿನ ಫೋಟೊ, ‘ಪಿ16 ನೆಗೆಟಿವ್’ ಎಂಬ ಸಾಲಿನ ಸುತ್ತ ಕೆಂಪು ಗೆರೆ, ಕೆಳಗೆ “ಇದರರ್ಥ ಏನು? ಇನ್ನು ಆಸೆ ಇಲ್ವಾ?” ಎಂಬ ಪ್ರಶ್ನೆ. ಮೊದಲನೆಯದನ್ನು ಓದಿ ಮರೆಯಬಹುದು. ಎರಡನೆಯದು ಹಾಗಲ್ಲ. ಅಲ್ಲಿ ಯಾರೋ ಒಬ್ಬರು ಗೂಗಲ್ ಮಾಡಿ ಒಂದು ಪರ್ಸೆಂಟೇಜ್ ಹೇಳುತ್ತಾರೆ, ಇನ್ನೊಬ್ಬರು “ಸುಮ್ಮನೆ ಯಾಕೆ ಹಿಂಸೆ ಕೊಡೋದು, ಮನೆಗೆ ಕರಕೊಂಡು ಬನ್ನಿ” ಎನ್ನುತ್ತಾರೆ. ಚಿಕಿತ್ಸೆ ಅಲ್ಲಿಗೇ ನಿಂತುಹೋಗಬಹುದು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರಿಗೆ ಈ ಪ್ರಶ್ನೆ ಇನ್ನಷ್ಟು ಕಷ್ಟದ್ದು. ರಿಪೋರ್ಟ್ ಕೊಟ್ಟ ಡಾಕ್ಟರು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇರುತ್ತಾರೆ, ಫೋಟೊ ನೋಡುತ್ತಿರುವವರು ಊರಿನಲ್ಲಿರುತ್ತಾರೆ. ಅದಕ್ಕೇ ಈ ಸೂಚಕಗಳ ಬಗ್ಗೆ ಗೊತ್ತಿರುವುದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಚಿಕ್ಕ ಉತ್ತರ ಬೇಕೆನ್ನುವವರಿಗೆ: ಒಬ್ಬ ರೋಗಿ ಎಷ್ಟು ದಿನ ಬದುಕುತ್ತಾರೆ ಎಂದು ಹೇಳುವ ಪರೀಕ್ಷೆ ಇಲ್ಲ. ಒಂದೇ ತರಹದ ನೂರು ರೋಗಿಗಳ ಗುಂಪಿನಲ್ಲಿ ಎಷ್ಟು ಮಂದಿ ಉಳಿಯಬಹುದು ಎಂದು ಅಂದಾಜು ಹೇಳುವ ಸೂಚಕಗಳಿವೆ. ಅವುಗಳಲ್ಲಿ ಗಂಟಲು ಕ್ಯಾನ್ಸರ್‌ನಲ್ಲಿ ದಿನನಿತ್ಯ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು, ಪಿ16 ಮತ್ತು ಪಿಡಿ-ಎಲ್1. ‘ನೆಗೆಟಿವ್’ ಎಂದು ಬಂದಾಕ್ಷಣ ಚಿಕಿತ್ಸೆ ಬಿಡಬೇಕೆಂದು ಇವೆರಡರಲ್ಲಿ ಯಾವುದೂ ಹೇಳುವುದಿಲ್ಲ.

ಮೊದಲು ಕೇಳಬೇಕಾದದ್ದು: ಗಂಟಲಿನಲ್ಲಿ ಎಲ್ಲಿ?

ನಾವು ‘ಗಂಟಲು’ ಎಂದು ಒಂದೇ ಮಾತಿನಲ್ಲಿ ಹೇಳುವ ಜಾಗವನ್ನು ಡಾಕ್ಟರು ಹಲವು ಭಾಗ ಮಾಡುತ್ತಾರೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡ ಇರುವುದು ಗಂಟಲಿನ ನಡುಭಾಗ. ಮಾತು ಹುಟ್ಟುವ ಧ್ವನಿಪೆಟ್ಟಿಗೆ ಅದರ ಕೆಳಗೆ. ಧ್ವನಿಪೆಟ್ಟಿಗೆಯ ಹಿಂದೆ, ಅನ್ನನಾಳಕ್ಕೆ ಸೇರುವಲ್ಲಿ ಗಂಟಲಿನ ಕೆಳಭಾಗ. ಬಹುತೇಕ ಎಲ್ಲ ಕಡೆಯೂ ಬರುವುದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಒಂದೇ ಜಾತಿಯ ಕ್ಯಾನ್ಸರ್. ಆದರೂ ಜಾಗ ಬದಲಾದರೆ ಕಥೆ ಬದಲಾಗುತ್ತದೆ. ಧ್ವನಿತಂತುವಿನ ಮೇಲೆ ಸಣ್ಣದಾಗಿ ಶುರುವಾದ ಕ್ಯಾನ್ಸರ್ ಬೇಗ ದನಿ ಒಡೆಸುತ್ತದೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಅಂಥ ಆರಂಭದ ಹಂತದಲ್ಲಿ ಬರೀ ರೇಡಿಯೇಷನ್‌ನಿಂದಲೇ ನೂರಕ್ಕೆ 80ರಿಂದ 90 ಜನರ ಗಡ್ಡೆ ಹಿಡಿತಕ್ಕೆ ಬರುತ್ತದೆ. ಗಂಟಲಿನ ಕೆಳಭಾಗದ ಕ್ಯಾನ್ಸರ್ ಹಾಗಲ್ಲ. ಅದು ಸದ್ದಿಲ್ಲದೆ ಬೆಳೆದು, ಕುತ್ತಿಗೆಯಲ್ಲಿ ಗಂಟು ಕಂಡಮೇಲೆಯೇ ಎಷ್ಟೋ ಜನರಿಗೆ ಗೊತ್ತಾಗುತ್ತದೆ.

ಹಾಗಾಗಿ ಯಾರಾದರೂ “ಗಂಟಲು ಕ್ಯಾನ್ಸರ್‌ನಲ್ಲಿ ಇಷ್ಟು ಪರ್ಸೆಂಟ್” ಎಂದು ಒಂದೇ ಸಂಖ್ಯೆ ಹೇಳಿದರೆ, ಯಾವ ಭಾಗ, ಯಾವ ಹಂತ ಎಂದು ಮೊದಲು ಕೇಳಿ. ಅವೆರಡೂ ಇಲ್ಲದ ಪರ್ಸೆಂಟೇಜಿನಿಂದ ಏನೂ ತಿಳಿಯುವುದಿಲ್ಲ.

ಪಿ16 ಎಂದರೇನು, ಅದಕ್ಕೆ ಇಷ್ಟು ಮಹತ್ವ ಏಕೆ?

ಅಣಶಿ ಘಾಟಿಯಲ್ಲಿ ಇಳಿಯುತ್ತಿರುವ ಬಸ್ಸೊಂದನ್ನು ಊಹಿಸಿಕೊಳ್ಳಿ. ಯಾರೋ ಅದರ ಬ್ರೇಕ್ ವಾಯರ್ ಕತ್ತರಿಸಿದ್ದಾರೆ. ಬಸ್ಸು ನಿಲ್ಲುತ್ತಿಲ್ಲವೆಂದು ಡ್ರೈವರ್ ಬ್ರೇಕನ್ನು ಒತ್ತುತ್ತಲೇ ಇದ್ದಾನೆ. ಹೊರಗಿನಿಂದ ನೋಡುವವರಿಗೆ ವಾಯರ್ ಕಾಣುವುದಿಲ್ಲ, ಡ್ರೈವರ್‌ನ ಒತ್ತಿದ ಕಾಲು ಕಾಣುತ್ತದೆ.

ನಮ್ಮ ಜೀವಕೋಶದಲ್ಲಿ ಪಿ16 ಎಂಬ ಪ್ರೋಟೀನ್ ಆ ಕಾಲಿನ ಹಾಗೆ. ಎಚ್‌ಪಿವಿ ಎಂಬ ವೈರಸ್, ಅದರಲ್ಲೂ 16ನೇ ನಂಬರಿನ ತಳಿ, ಟಾನ್ಸಿಲ್ ಅಥವಾ ನಾಲಿಗೆ ಬುಡದ ಕೋಶಕ್ಕೆ ಹೊಕ್ಕಾಗ ಅದರ ಇ7 ಎಂಬ ಪ್ರೋಟೀನ್ ಕೋಶ ವಿಭಜನೆಯ ‘ಬ್ರೇಕ್ ವಾಯರ್’ ಅನ್ನು ಕೆಡಿಸುತ್ತದೆ. ಆಗ ಕೋಶ ಪಿ16 ಅನ್ನು ರಾಶಿ ರಾಶಿಯಾಗಿ ತಯಾರಿಸುತ್ತಲೇ ಹೋಗುತ್ತದೆ. ಬಯಾಪ್ಸಿಯ ಚೂರಿಗೆ ಬಣ್ಣ ಹಾಕಿ ನೋಡಿದಾಗ ನೂರು ಕ್ಯಾನ್ಸರ್ ಕೋಶಗಳಲ್ಲಿ 70 ಅಥವಾ ಅದಕ್ಕಿಂತ ಹೆಚ್ಚು ಕೋಶ ಗಾಢವಾಗಿ ಬಣ್ಣ ಹಿಡಿದರೆ ‘ಪಿ16 ಪಾಸಿಟಿವ್’ ಎನ್ನುತ್ತಾರೆ. ಅಂದರೆ ಈ ಪರೀಕ್ಷೆ ನೋಡುವುದು ವೈರಸ್ಸನ್ನಲ್ಲ, ವೈರಸ್ ಬಿಟ್ಟುಹೋದ ಗುರುತನ್ನು. ಖರ್ಚೂ ಕಡಿಮೆ, ಬಯಾಪ್ಸಿ ನೋಡುವ ಲ್ಯಾಬಿನಲ್ಲೇ ಮಾಡಬಹುದು.

ಇದಕ್ಕೆ ಬೆಲೆ ಬಂದದ್ದು 2010ರಲ್ಲಿ. ಗಂಟಲಿನ ನಡುಭಾಗದ ಕ್ಯಾನ್ಸರ್ ಇದ್ದ ಅಮೆರಿಕದ ರೋಗಿಗಳನ್ನು ಎಚ್‌ಪಿವಿ ಇದ್ದವರು, ಇಲ್ಲದವರು ಎಂದು ವಿಂಗಡಿಸಿ ನೋಡಿದ ಅಧ್ಯಯನವೊಂದು ಆ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮೂರು ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದ ಗುಂಪಿನಲ್ಲಿ ಶೇ 82.4, ಇಲ್ಲದ ಗುಂಪಿನಲ್ಲಿ ಶೇ 57.1. ಚಿಕಿತ್ಸೆ ಎರಡೂ ಗುಂಪಿಗೆ ಒಂದೇ ತರಹದ್ದು. ಈ ಅಂತರ ಎಷ್ಟು ದೊಡ್ಡದೆಂದರೆ, 2018ರಿಂದ ಜಾರಿಗೆ ಬಂದ ಹಂತ ನಿರ್ಧಾರದ ಹೊಸ ನಿಯಮದಲ್ಲಿ ಈ ಎರಡನ್ನೂ ಬೇರೆ ಬೇರೆ ಕಾಯಿಲೆಯಂತೆಯೇ ಲೆಕ್ಕ ಹಾಕುತ್ತಾರೆ. ಟಾನ್ಸಿಲ್‌ನಲ್ಲಿ ಸಣ್ಣ ಗಡ್ಡೆ, ಕುತ್ತಿಗೆಯ ಒಂದೇ ಪಕ್ಕದಲ್ಲಿ ಕೆಲವು ಗಂಟು ಇದ್ದರೆ ಹಳೆಯ ನಿಯಮದಲ್ಲಿ ಅದು ನಾಲ್ಕನೇ ಹಂತ. ಪಿ16 ಪಾಸಿಟಿವ್ ಆಗಿದ್ದರೆ ಹೊಸ ನಿಯಮದಲ್ಲಿ ಒಂದನೇ ಹಂತ! ಗಡ್ಡೆಯೂ ಅದೇ, ಗಂಟುಗಳೂ ಅವೇ.

ವೈರಸ್‌ನಿಂದ ಬಂದ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದೇಕೆ? ಕೋಶದಲ್ಲಿ ಪಿ53 ಎಂಬ ಕಾವಲುಗಾರನಿದ್ದಾನೆ. ಕೋಶ ಕೆಟ್ಟಿದೆ ಎನಿಸಿದರೆ ‘ಸಾಯಿ’ ಎಂದು ಅದಕ್ಕೆ ಆದೇಶ ಕೊಡುವವನು ಅವನು. ಎಚ್‌ಪಿವಿ ಈ ಕಾವಲುಗಾರನನ್ನು ಕೆಲಸದಿಂದ ಎಳೆದುಹಾಕುತ್ತದೆ, ಆದರೆ ಅವನನ್ನು ತಯಾರಿಸುವ ಜೀನ್ ಸಾಮಾನ್ಯವಾಗಿ ಸುಸ್ಥಿತಿಯಲ್ಲೇ ಇರುತ್ತದೆ. ಬೀಡಿ, ಸಿಗರೇಟು, ತಂಬಾಕು ಆ ಜೀನ್‌ಗೇ ಕೈ ಹಾಕುತ್ತವೆ. ತಲೆ-ಕುತ್ತಿಗೆಯ 279 ಗಡ್ಡೆಗಳ ಜೀನ್‌ಗಳನ್ನು ಪೂರ್ತಿ ಓದಿ 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಎಚ್‌ಪಿವಿ ಇಲ್ಲದ ಗಡ್ಡೆಗಳ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಗಡ್ಡೆಗಳಲ್ಲಿ ಪಿ53ರ ಜೀನ್ ಕೆಟ್ಟಿತ್ತು.

ಇಲ್ಲಿ ಒಂದು ಮಾತು ಮನೆಯವರಿಗೆ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಓದಿ, ರಿಪೋರ್ಟ್ ಬಂದ ದಿನವೇ ಗಂಡ-ಹೆಂಡತಿ ನಡುವೆ ಮಾತು ಬಿಡುವಂಥ ಪರಿಸ್ಥಿತಿ ಬರಬಹುದು. ಇದು ತೀರಾ ಸಾಮಾನ್ಯ ವೈರಸ್. ಬದುಕಿನಲ್ಲಿ ಒಮ್ಮೆಯಾದರೂ ಬಹುತೇಕ ಎಲ್ಲರಿಗೂ ತಗಲುತ್ತದೆ, ಹೆಚ್ಚಿನವರ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಉಳಿದ ಕೆಲವರಲ್ಲಿ ಕ್ಯಾನ್ಸರ್ ಆಗುವುದು ದಶಕಗಳ ನಂತರ. ಯಾವಾಗ, ಯಾರಿಂದ ಬಂತು ಎಂದು ಪಿ16 ರಿಪೋರ್ಟ್ ಹೇಳುವುದಿಲ್ಲ. ಅಂಥ ರಿಪೋರ್ಟನ್ನು ಮನೆಯ ಗ್ರೂಪಿಗೆ ಹಾಕದಿದ್ದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

‘ನೆಗೆಟಿವ್’ ಎಂದರೆ ಕೆಟ್ಟ ಸುದ್ದಿಯೇ?

ಈ ಪ್ರಶ್ನೆಯಲ್ಲಿ ಎರಡು ತಪ್ಪು ತಿಳಿವಳಿಕೆ ಸೇರಿಕೊಂಡಿವೆ.

ಒಂದು, ಪಿ16ಗೆ ಮೇಲೆ ಹೇಳಿದ ಅರ್ಥ ಇರುವುದು ಟಾನ್ಸಿಲ್, ನಾಲಿಗೆ ಬುಡದ ಕ್ಯಾನ್ಸರ್‌ನಲ್ಲಿ ಮಾತ್ರ. ಧ್ವನಿಪೆಟ್ಟಿಗೆಯ ಅಥವಾ ಗಂಟಲಿನ ಕೆಳಭಾಗದ ಕ್ಯಾನ್ಸರ್‌ಗೆ ಇದನ್ನು ವಾಡಿಕೆಯಾಗಿ ಮಾಡಬೇಕೆಂದೇ ಇಲ್ಲ. ಧ್ವನಿಪೆಟ್ಟಿಗೆಯ ಬಯಾಪ್ಸಿ ರಿಪೋರ್ಟಿನಲ್ಲಿ ‘ಪಿ16 ನೆಗೆಟಿವ್’ ಎಂದಿದ್ದರೆ ಅದರಿಂದ ಎದೆಗುಂದಬೇಕಾಗಿಲ್ಲ. ಆ ಜಾಗದಲ್ಲಿ ಹೆಚ್ಚಿನವರಿಗೆ ಬರುವುದೇ ಹಾಗೆ.

ಎರಡು, ನಮ್ಮ ಕಡೆ ಗಂಟಲು ಕ್ಯಾನ್ಸರ್ ಬಹುಪಾಲು ತಂಬಾಕಿನದು. ಅಮೆರಿಕದಲ್ಲಿ ಗಂಟಲಿನ ನಡುಭಾಗದ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಏಳು ಎಚ್‌ಪಿವಿಯವು. ಭಾರತದಲ್ಲಿ ಆ ಪಾಲು ಬಹಳ ಕಡಿಮೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರಿಗಿಂತ ಜಗಿಯುವವರೇ ಹೆಚ್ಚು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. ನಮ್ಮ ಜಿಲ್ಲೆಯ ಕವಳದ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಅಡಿಕೆ ಇಲ್ಲಿಯವರ ಅನ್ನ. ಆದರೂ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಸೇರಿಸಿದ ಕವಳವನ್ನು ಬಾಯಿ ಮತ್ತು ಗಂಟಲು ಕ್ಯಾನ್ಸರ್‌ಗೆ ಖಚಿತ ಕಾರಣವೆಂದು ಗುರುತಿಸಿದೆ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಆದ್ದರಿಂದ ನಮ್ಮ ರೋಗಿಗಳಲ್ಲಿ ‘ನೆಗೆಟಿವ್’ ಬರುವುದೇ ಮಾಮೂಲು. 2010ರ ಅದೇ ಅಧ್ಯಯನದಲ್ಲಿ ಎಚ್‌ಪಿವಿ ಇಲ್ಲದವರಲ್ಲೂ ಮೂರು ವರ್ಷದ ನಂತರ ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರು ಎಂಬುದನ್ನು ಮರೆಯಬೇಡಿ. ಫಾರ್ವರ್ಡ್‌ನಲ್ಲಿ ಈ ಅರ್ಧ ಸತ್ಯ ಕಳೆದುಹೋಗಿರುತ್ತದೆ.

ಹಾಗೆಯೇ ‘ಪಾಸಿಟಿವ್’ ಬಂದವರೂ ಮೈಮರೆಯುವಂತಿಲ್ಲ. ಆ ಅಧ್ಯಯನದಲ್ಲೇ ಎಚ್‌ಪಿವಿ ಇದ್ದೂ ಹೆಚ್ಚು ಸಿಗರೇಟು ಸೇದಿದವರಲ್ಲಿ ಕುತ್ತಿಗೆಯ ಗಂಟುಗಳು ಹೆಚ್ಚಾಗಿದ್ದವರು ಮಧ್ಯಮ ಅಪಾಯದ ಗುಂಪಿಗೆ ಬಿದ್ದರು, ಮೂರು ವರ್ಷದ ಉಳಿವು ಸುಮಾರು ಶೇ 71. ಇನ್ನೂ ಒಂದು ಪಾಠವಿದೆ. ಪಾಸಿಟಿವ್ ಇದ್ದವರು ಹೇಗೂ ಚೆನ್ನಾಗಿರುತ್ತಾರೆ, ಅವರಿಗೆ ಸೌಮ್ಯವಾದ ಔಷಧ ಸಾಕು ಎಂದುಕೊಂಡು ಸಿಸ್‌ಪ್ಲಾಟಿನ್ ಬದಲಿಗೆ ಸೆಟುಕ್ಸಿಮ್ಯಾಬ್ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರಲ್ಲಿ ಬಂತು. ಎರಡರಲ್ಲೂ ಹೊಸ ಔಷಧದವರೇ ಹೆಚ್ಚು ಸತ್ತರು. ಅವುಗಳಲ್ಲಿ ಒಂದರಲ್ಲಿ ಎರಡು ವರ್ಷದ ಉಳಿವು ಶೇ 97.5ರಿಂದ 89.4ಕ್ಕೆ ಇಳಿದಿತ್ತು. ಒಳ್ಳೆಯ ಸೂಚಕ ಇದೆ ಎಂದು ಚಿಕಿತ್ಸೆ ಕಡಿಮೆ ಮಾಡಬಹುದು ಎಂಬ ಊಹೆ ಡಾಕ್ಟರರದ್ದೇ ಆಗಿತ್ತು, ಅದು ಸುಳ್ಳಾಯಿತು. ಇನ್ನು ಅದನ್ನು ನಾವು ವಾಟ್ಸಾಪ್‌ನಲ್ಲಿ ತೀರ್ಮಾನಿಸಬಹುದೇ?

ಪಿಡಿ-ಎಲ್1: ‘ಸಿಪಿಎಸ್ 40’ ಎಂದರೆ ಶೇ 40 ಅಲ್ಲ

ಕಾಯಿಲೆ ಮರಳಿ ಬಂದವರ ಅಥವಾ ಬೇರೆ ಅಂಗಕ್ಕೆ ಹರಡಿದವರ ರಿಪೋರ್ಟಿನಲ್ಲಿ ‘ಸಿಪಿಎಸ್’ ಎಂದು ಒಂದು ಅಂಕಿ ಕಾಣುತ್ತದೆ. ಇದನ್ನು ಕೆಲವರು “ಬದುಕುವ ಸಾಧ್ಯತೆ ಶೇ 40” ಎಂದೂ, ಇನ್ನು ಕೆಲವರು “ಶೇ 40 ಹರಡಿದೆ” ಎಂದೂ ಓದಿಕೊಳ್ಳುತ್ತಾರೆ. ಎರಡೂ ತಪ್ಪು.

ದಾಂಡೇಲಿಯ ಕಾಡಿನ ರಸ್ತೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ನೋಡಿದ್ದೀರಿ. ಪಾಸ್ ತೋರಿಸಿದರೆ ಗೇಟು ಎತ್ತುತ್ತಾರೆ. ನಮ್ಮ ರೋಗನಿರೋಧಕ ಕೋಶಗಳೂ ಹೀಗೆ ತಪಾಸಣೆ ಮಾಡುತ್ತವೆ. ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಪಾಸಿನಂತೆ ತೋರಿಸಿ ‘ನಾನು ನಿಮ್ಮವನೇ’ ಎಂದು ನುಸುಳುತ್ತದೆ. ಇಮ್ಯುನೊಥೆರಪಿ ಔಷಧಗಳು ಮಾಡುವುದು ಆ ಕಳ್ಳ ಪಾಸು ನಡೆಯದಂತೆ ತಡೆಯುವ ಕೆಲಸ. ಗಡ್ಡೆಯಲ್ಲಿ ಮತ್ತು ಅದರ ಸುತ್ತಲಿನ ಕೋಶಗಳಲ್ಲಿ ಇಂಥ ಪಾಸು ಎಷ್ಟಿದೆ ಎಂಬ ಎಣಿಕೆಯೇ ಸಿಪಿಎಸ್. ಅಂಕಿ ಹೆಚ್ಚಿದ್ದಷ್ಟೂ ಔಷಧ ಕೆಲಸ ಮಾಡುವ ಸಾಧ್ಯತೆ ಹೆಚ್ಚು. 2019ರಲ್ಲಿ ಪ್ರಕಟವಾದ ಕೀನೋಟ್-048 ಎಂಬ ಪ್ರಯೋಗದಲ್ಲಿ ಸಿಪಿಎಸ್ 20 ಅಥವಾ ಹೆಚ್ಚು ಇದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟಾಗ ಅರ್ಧದಷ್ಟು ಜನ 14.9 ತಿಂಗಳು ದಾಟಿದರು, ಹಳೆಯ ಔಷಧದಲ್ಲಿ ಅದು 10.7 ತಿಂಗಳು.

ಪಿ16ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಪಿ16 ಹೇಳುವುದು ಕಾಯಿಲೆಯ ಸ್ವಭಾವ. ಪಿಡಿ-ಎಲ್1 ಹೇಳುವುದು ಒಂದು ನಿರ್ದಿಷ್ಟ ಔಷಧ ಯಾರಿಗೆ ಹೆಚ್ಚು ಉಪಯೋಗ ಎಂಬುದನ್ನು. ಆ ಔಷಧ ಕೊಡುವ ಯೋಚನೆಯೇ ಇಲ್ಲದಿದ್ದರೆ ಪರೀಕ್ಷೆಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಔಷಧ ದುಬಾರಿ ಎಂಬುದು ನಿಜ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಇದೇ ಬಗೆಯ ಇನ್ನೊಂದು ಔಷಧವಾದ ನಿವೊಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಬರೀ 20 ಮಿಲಿಗ್ರಾಂ, ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ತಲೆ-ಕುತ್ತಿಗೆ ಕ್ಯಾನ್ಸರ್ ಮುಂದುವರಿದಿದ್ದ 151 ರೋಗಿಗಳಲ್ಲಿ, ಒಂದು ವರ್ಷ ದಾಟಿದವರ ಪಾಲು ಬರೀ ಮಾತ್ರೆ ನುಂಗಿದ ಗುಂಪಿನಲ್ಲಿ ಶೇ 16.3 ಇದ್ದರೆ, ಔಷಧ ಸೇರಿಸಿದ ಗುಂಪಿನಲ್ಲಿ ಶೇ 43.4. ನಮ್ಮ ದೇಶದ ರೋಗಿಯ ಜೇಬನ್ನು ನೋಡಿ ಮಾಡಿದ ಇಂಥ ಸಂಶೋಧನೆ ಫಾರ್ವರ್ಡ್ ಆಗುವುದು ಕಡಿಮೆ. ಇಮ್ಯುನೊಥೆರಪಿ ಎಂದರೆ ಲಕ್ಷಾಂತರ ರೂಪಾಯಿ ಎಂದು ಕೈಚೆಲ್ಲುವ ಮೊದಲು ಕಡಿಮೆ ಪ್ರಮಾಣದ ಈ ದಾರಿ ನಿಮ್ಮ ರೋಗಿಗೆ ಹೊಂದುತ್ತದೆಯೇ ಎಂದು ಡಾಕ್ಟರರನ್ನು ಕೇಳಬಹುದು.

ಜೀನ್ ಪ್ಯಾನೆಲ್ ಮಾಡಿಸಬೇಕೇ?

ಹತ್ತಾರು ಸಾವಿರ ರೂಪಾಯಿಯ, ನೂರಾರು ಜೀನ್ ಓದುವ ಪರೀಕ್ಷೆಗಳ ಜಾಹೀರಾತು ಈಗ ಫೋನಿಗೇ ಬರುತ್ತದೆ. ಪಿ53ರ ಜೀನ್ ಕೆಟ್ಟಿದ್ದರೆ ಉಳಿವು ಕಡಿಮೆ ಎಂದು 420 ರೋಗಿಗಳ ಅಧ್ಯಯನವೊಂದು 2007ರಲ್ಲೇ ತೋರಿಸಿದೆ. ಆದರೆ ಅದು ಗೊತ್ತಾದರೂ ಮೊದಲ ಸಲದ ಚಿಕಿತ್ಸೆ ಬದಲಾಗುವುದಿಲ್ಲ. ಗಂಟಲು ಕ್ಯಾನ್ಸರ್ ಎಂದು ಈಗಷ್ಟೇ ಗೊತ್ತಾದ ರೋಗಿ ಆ ದುಡ್ಡನ್ನು ಹುಬ್ಬಳ್ಳಿಯಲ್ಲಿ ಉಳಿದುಕೊಳ್ಳಲು ಇಟ್ಟುಕೊಳ್ಳುವುದು ಮೇಲು. ಎಲ್ಲ ಚಿಕಿತ್ಸೆ ಮುಗಿದೂ ಕಾಯಿಲೆ ಮರಳಿದವರ ಲೆಕ್ಕ ಬೇರೆ, ಅದನ್ನು ಅವರ ಡಾಕ್ಟರು ಹೇಳಲಿ.

ಹೊಸ ಸೂಚಕ ಸಿಕ್ಕಿತು ಎಂಬ ಸುದ್ದಿ ಮೇಲಿಂದ ಮೇಲೆ ಬರುತ್ತದೆ, ಆಸ್ಪತ್ರೆಗೆ ಬಂದು ತಲುಪುವುದು ಬೆರಳೆಣಿಕೆ. ಏಕೆಂದರೆ ಬಹಳಷ್ಟು ಅಧ್ಯಯನಗಳು ಒಂದೇ ಆಸ್ಪತ್ರೆಯ ಕೆಲವೇ ರೋಗಿಗಳನ್ನು ನೋಡಿದಂಥವು. ನಾಲ್ಕು ಬಾವಿ ಇಣುಕಿ ಜಿಲ್ಲೆಯ ಮಳೆ ಲೆಕ್ಕ ಹೇಳಿದ ಹಾಗೆ. ಇನ್ನೊಂದು ಊರಿನ ರೋಗಿಗಳಲ್ಲಿ ಅದೇ ಫಲಿತಾಂಶ ಬರುವುದಿಲ್ಲ.

ಇನ್ನೊಂದು ಸಿಕ್ಕು: ಸೂಚಕ ಬೇರೆ, ಕಾರಣ ಬೇರೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವ ರೋಗಿಗಳಲ್ಲಿ ರೇಡಿಯೇಷನ್ ಫಲಿತಾಂಶ ಚೆನ್ನಾಗಿರುವುದಿಲ್ಲ ಎಂಬುದು ಹಳೆಯ ಅನುಭವ. ಹಾಗಾದರೆ ಇಂಜೆಕ್ಷನ್ ಕೊಟ್ಟು ಹಿಮೋಗ್ಲೋಬಿನ್ ಏರಿಸಿದರೆ ಜನ ಹೆಚ್ಚು ಉಳಿಯಬೇಕಲ್ಲವೇ? 351 ರೋಗಿಗಳ ಮೇಲೆ ಎರಿತ್ರೊಪೊಯೆಟಿನ್ ಬಳಸಿ ನಡೆಸಿದ ಪ್ರಯೋಗದ ಫಲಿತಾಂಶ 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹಿಮೋಗ್ಲೋಬಿನ್ ಏರಿತು, ಕ್ಯಾನ್ಸರ್ ಹಿಡಿತ ಮಾತ್ರ ಇನ್ನೂ ಹದಗೆಟ್ಟಿತು. ಬೀಟ್‌ರೂಟ್ ಜ್ಯೂಸ್ ಕುಡಿಸಿ “ರಕ್ತ ಹೆಚ್ಚಾದರೆ ಕ್ಯಾನ್ಸರ್ ಹೋಗುತ್ತೆ” ಎನ್ನುವವರಿಗೆ ಈ ಪ್ರಯೋಗದ ಕಥೆ ಹೇಳಿ. ಜ್ಯೂಸ್ ಕುಡಿಯಲಿ, ತೊಂದರೆಯಿಲ್ಲ. ಅದನ್ನೇ ಚಿಕಿತ್ಸೆ ಎಂದುಕೊಳ್ಳಬಾರದು ಅಷ್ಟೆ.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವುದು

ಇಷ್ಟೆಲ್ಲ ಅಣುಗಳ ಮಾತಾಡಿದ ಮೇಲೂ, ತಂಬಾಕಿನ ಗಂಟಲು ಕ್ಯಾನ್ಸರ್‌ನಲ್ಲಿ ಉಳಿವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿಗಳೇ. ಕುತ್ತಿಗೆಯ ಗಂಟಿಗೆ ಹರಡಿದೆಯೇ ಇಲ್ಲವೇ ಎಂಬ ಒಂದೇ ವಿಷಯ ಉಳಿವಿನ ಸಾಧ್ಯತೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಬರುವುದೇ ಕಾಯಿಲೆ ಮುಂದುವರಿದ ಮೇಲೆ.

ಇನ್ನೊಂದು ಸಂಗತಿಗೆ ಯಾವ ಲ್ಯಾಬೂ ಬೇಡ, ಬಸ್ ಟಿಕೆಟ್ ಸಾಕು. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನ, ಆರೂವರೆ-ಏಳು ವಾರ, ಒಟ್ಟು 33ರಿಂದ 35 ಸಲ. ನಡುವೆ ತಪ್ಪಿಸಿದರೆ, ತಪ್ಪಿದ ಒಂದೊಂದು ದಿನಕ್ಕೂ ಗಡ್ಡೆ ಹಿಡಿತಕ್ಕೆ ಬರುವ ಸಾಧ್ಯತೆ ಶೇ 1ರಿಂದ 1.4ರಷ್ಟು ಇಳಿಯುತ್ತದೆ. ಕಾರಣ ಇಷ್ಟೆ: ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರದ ನಂತರ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಮುಂಡಗೋಡದ ಗದ್ದೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅರ್ಧ ಕಳೆ ಕಿತ್ತು ಎರಡು ವಾರ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತು.

ಈಗ ಜೋಯಿಡಾದ ಒಳಗಿನ ಊರೊಂದನ್ನು ನೆನೆಯಿರಿ. ವಿಸ್ತಾರದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು, ಕಾಡೇ ಹೆಚ್ಚು, ಜನ ಚದುರಿದ್ದಾರೆ. ಕಾಡಿನೊಳಗಿನ ಮನೆಯಿಂದ ಬಸ್ಸಿನ ರಸ್ತೆಗೆ ನಡೆಯಬೇಕು, ಅಲ್ಲಿಂದ ದಾಂಡೇಲಿ, ದಾಂಡೇಲಿಯಿಂದ ಧಾರವಾಡ, ಅಲ್ಲಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಅಥವಾ ಕಿಮ್ಸ್. ಜಿಲ್ಲಾ ಕೇಂದ್ರ ಕಾರವಾರವಾದರೂ ಈ ನಾಲ್ಕು ತಾಲ್ಲೂಕಿನವರು ನೋಡುವುದು ಘಟ್ಟದ ಮೇಲಿನ ಹುಬ್ಬಳ್ಳಿ-ಧಾರವಾಡವನ್ನೇ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲೊಮ್ಮೆ, 2022ರಲ್ಲಿ ಮತ್ತೊಮ್ಮೆ ಜನ ಇದೇ ಫೋನುಗಳಲ್ಲಿ ದೊಡ್ಡ ಅಭಿಯಾನ ಮಾಡಿದ್ದು ಸುಮ್ಮನೆ ಅಲ್ಲ. ದಿನಾ ಹೋಗಿ ಬರುತ್ತೇವೆ ಎಂದು ಶುರು ಮಾಡಿದವರು ಮೂರನೇ ವಾರಕ್ಕೆ ಸುಸ್ತಾಗುತ್ತಾರೆ. ಅಷ್ಟರಲ್ಲಿ ಬಾಯಿ ಹುಣ್ಣಾಗಿ ನುಂಗಲೂ ಕಷ್ಟವಾಗಿರುತ್ತದೆ. ನಮ್ಮ ಸಲಹೆ: ಚಿಕಿತ್ಸೆ ಶುರುವಾಗುವ ಮೊದಲೇ ಆ ಏಳು ವಾರ ಎಲ್ಲಿ ಉಳಿಯುವುದೆಂದು ತೀರ್ಮಾನಿಸಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಕೇಳಿ, ಹುಬ್ಬಳ್ಳಿಯ ನೆಂಟರನ್ನು ಕೇಳಲು ನಾಚಬೇಡಿ. ಹಬ್ಬ, ಜಾತ್ರೆ, ಮದುವೆಗೆಂದು ‘ನಾಲ್ಕು ದಿನ ಬಿಟ್ಟು ಬರ್ತೀವಿ’ ಎನ್ನಬೇಡಿ.

ಅಂದ ಹಾಗೆ, ರೇಡಿಯೇಷನ್‌ಗೆ ನಮ್ಮ ಕಡೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಈ ಹೆಸರು ಕೇಳಿಯೇ ಎಷ್ಟೋ ಹಿರಿಯರು ಹೆದರಿ ಓಡುತ್ತಾರೆ. ಅಲ್ಲಿ ವಿದ್ಯುತ್ ಶಾಕ್ ಇಲ್ಲ. ಎಕ್ಸ್‌ರೇ ತೆಗೆಸುವಾಗ ಹೇಗೆ ಏನೂ ಗೊತ್ತಾಗುವುದಿಲ್ಲವೋ ಹಾಗೆಯೇ ಕಿರಣ ಬೀಳುವಾಗಲೂ ನೋವಾಗುವುದಿಲ್ಲ. ಬಾಯಿ, ಚರ್ಮದ ತೊಂದರೆ ಬರುವುದು ದಿನ ಕಳೆದಂತೆ.

ಮೂರನೆಯದು, ಚಿಕಿತ್ಸೆ ನಡೆಯುತ್ತಿರುವಾಗ ಬೀಡಿ-ಸಿಗರೇಟು. “ಹೇಗೂ ಕ್ಯಾನ್ಸರ್ ಬಂದಾಯ್ತು, ಇನ್ನು ಬಿಟ್ಟು ಏನು ಪ್ರಯೋಜನ” ಎನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. 1993ರ ಕೆನಡಾದ ಅಧ್ಯಯನವೊಂದು ಇದಕ್ಕೆ ನೇರ ಉತ್ತರ ಕೊಟ್ಟಿದೆ. ರೇಡಿಯೇಷನ್ ಸಮಯದಲ್ಲೂ ಸೇದುತ್ತಿದ್ದವರಲ್ಲಿ ಎರಡು ವರ್ಷದ ನಂತರ ಉಳಿದವರು ಶೇ 39, ಸೇದದೆ ಇದ್ದವರಲ್ಲಿ ಶೇ 66. ಪಿ16ರಲ್ಲಿ ಕಂಡ ಅಂತರವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಪಿ16 ನಮ್ಮ ಕೈಯಲ್ಲಿಲ್ಲ, ಬೀಡಿ ಇದೆ.

ಫಾರ್ವರ್ಡ್‌ಗಳಲ್ಲಿ ಬರುವ ಇನ್ನೆರಡು ಮಾತು

‘ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ’: ಇಲ್ಲ. ಗಂಟಲಿನ ಗಡ್ಡೆಯಿಂದ ಸಣ್ಣ ಚೂರು ತೆಗೆಯದೆ ಅದು ಕ್ಯಾನ್ಸರೇ ಎಂದು ಹೇಳಲಾಗದು, ಮೇಲೆ ಹೇಳಿದ ಯಾವ ಸೂಚಕವನ್ನೂ ನೋಡಲಾಗದು. ಬಯಾಪ್ಸಿ ಆದಮೇಲೆ ಕಾಯಿಲೆ ಹೆಚ್ಚಾಯಿತು ಎನಿಸುವುದಕ್ಕೆ ಸಾಮಾನ್ಯ ಕಾರಣ ಬಯಾಪ್ಸಿಗೂ ಚಿಕಿತ್ಸೆಗೂ ನಡುವೆ ತಿಂಗಳುಗಟ್ಟಲೆ ಕಳೆದದ್ದು. ‘ಲಕ್ಷ್ಮಣಫಲ ಕಿಮೊಗಿಂತ ಸಾವಿರ ಪಟ್ಟು ಶಕ್ತಿ’: ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೋಶ ಸತ್ತದ್ದನ್ನು ಮನುಷ್ಯರಿಗೆ ಅನ್ವಯಿಸಿ ಹೇಳುವ ಮಾತು. ಗಂಟಲು ಕ್ಯಾನ್ಸರ್ ರೋಗಿಗಳಲ್ಲಿ ಅದು ಉಳಿವು ಹೆಚ್ಚಿಸಿದೆ ಎಂದು ತೋರಿಸಿದ ಯಾವ ಪ್ರಯೋಗವೂ ಇಲ್ಲ.

ಇವೆರಡಕ್ಕಿಂತ ಗಟ್ಟಿಯಾದ ಹೆದರಿಕೆ ಇನ್ನೊಂದಿದೆ, ಧ್ವನಿಪೆಟ್ಟಿಗೆ ತೆಗೆದರೆ ಮಾತು ಹೋಗುತ್ತದೆ ಎಂಬುದು. ಇದು ಸುಳ್ಳಲ್ಲ, ಅದಕ್ಕೇ ಹೆಚ್ಚು ನೋಯಿಸುತ್ತದೆ. ಆದರೆ ಮಾತು ಮರಳಿಸುವ ದಾರಿಯಿದೆ. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಸಣ್ಣ ಕವಾಟ ಕೂಡಿಸಿದರೆ ರೋಗಿ ಮತ್ತೆ ಮಾತಾಡಬಹುದು. ವಿದೇಶದಿಂದ ಬರುವ ಕವಾಟಕ್ಕೆ ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರ ತಂಡ ರೂಪಿಸಿದ ‘ಓಂ’ ಎಂಬ ಕವಾಟದ ಬೆಲೆ ಸುಮಾರು 50 ರೂಪಾಯಿ ಎಂದು ಕೆಲವು ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಗಿತ್ತು. ಮಾತು ಹೋಗುತ್ತದೆಂಬ ಒಂದೇ ಕಾರಣಕ್ಕೆ ಆಪರೇಷನ್ ಬೇಡ ಎನ್ನುವವರ ಮುಂದೆ ಈ ವಿಷಯ ಇಡಿ.

ಯಾವಾಗ ತೋರಿಸಬೇಕು, ಏನು ಕೈಯಲ್ಲಿರಬೇಕು

ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಎದ್ದರೆ, ನುಂಗುವಾಗ ಒಂದೇ ಕಡೆ ಚುಚ್ಚಿದಂತಾದರೆ, ಕಿವಿಯಲ್ಲಿ ಏನೂ ಇಲ್ಲದೆ ಒಂದೇ ಕಿವಿ ನೋಯುತ್ತಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರರಿಗೆ ತೋರಿಸಿ. ನೋವಿಲ್ಲದ ಗಂಟನ್ನೇ ಜನ ಅಲಕ್ಷ್ಯ ಮಾಡುವುದು. ಉಪ್ಪುನೀರು ಬಾಯಿ ಮುಕ್ಕಳಿಸುತ್ತಾ ಮಳೆಗಾಲ ಕಳೆಯಲಿ ಎಂದು ಕಾಯಬೇಡಿ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ಹುಬ್ಬಳ್ಳಿಗೆ ಹೋಗುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಬರೆಸಿಕೊಂಡರೆ ಮತ್ತೊಮ್ಮೆ ಊರಿಗೆ ಬಂದು ಹೋಗುವುದು ತಪ್ಪುತ್ತದೆ. ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕಾಗಿ ಬಂದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಬೇಕು.

ಕೊನೆಗೆ, ಹೆಚ್ಚಿನವರು ಕೇಳಲು ಮರೆಯುವ ವಸ್ತು ‘ಬ್ಲಾಕ್’. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಪಿ16, ಪಿಡಿ-ಎಲ್1, ಮುಂದೆ ಬೇಕಾದರೆ ಜೀನ್ ಪರೀಕ್ಷೆ, ಎಲ್ಲವೂ ಆ ಮೇಣದ ತುಂಡಿನಿಂದಲೇ ಆಗುತ್ತದೆ. ಅದು ಕೈಯಲ್ಲಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಬಯಾಪ್ಸಿ ಮಾಡಿಸಿಕೊಳ್ಳುವ ಪ್ರಸಂಗ ಬಹಳಷ್ಟು ಸಲ ತಪ್ಪುತ್ತದೆ. ಬೇರೆ ಊರಿಗೆ ಹೋಗುವಾಗ ರಿಪೋರ್ಟಿನ ಜೊತೆ ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ, ರಿಪೋರ್ಟಿನಲ್ಲಿರುವ ನಂಬರೂ ಬ್ಲಾಕಿನ ಮೇಲಿನ ನಂಬರೂ ಒಂದೇ ಇದೆಯೇ ನೋಡಿಕೊಳ್ಳಿ, ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.